ಒಂಬತ್ತು ಅಕ್ಷರಗಳ ಆಟ

ಸಿಕ್ಕ ಅಕ್ಷರಗಳಲ್ಲೇ ಅತಿ ಉದ್ದದ ಇಂಗ್ಲಿಷ್ ಪದ ಹುಡುಕುವ ಟಿವಿ ಆಟವೆಂದರೆ ಬ್ರಿಟನ್ನಿನವರಿಗೆ 'ಕೌಂಟ್‌ಡೌನ್'. ಅದರ ಬೇರು ಮಾತ್ರ ಫ್ರಾನ್ಸಿನದು. 1965ರಲ್ಲಿ ಅರ್ಮಾಂ ಜಮೊ ಅಲ್ಲಿನ ಟಿವಿಗೆ ಈ ಆಟ ತಂದಿದ್ದರು. 1982ರ ನವೆಂಬರ್ 2ರಂದು ಚಾನೆಲ್ 4 ಶುರುವಾದಾಗ ಮೊಟ್ಟಮೊದಲು ಬಂದದ್ದು ಇದರ ಇಂಗ್ಲಿಷ್ ರೂಪವೇ. ತಯಾರಾಗುತ್ತಿದ್ದುದು ಲೀಡ್ಸ್‌ನಲ್ಲಿ.

ನಾನು ಅದೇ ಊರಲ್ಲಿ ಓದುತ್ತಿದ್ದಾಗ ಮನೆಯೊಡತಿ ಅಜ್ಜಿ ಮಧ್ಯಾಹ್ನ ಚಹಾ ಹಿಡಿದು ಟಿವಿ ಮುಂದೆ ಕೂತರೆ ಮಾತಾಡಿಸುವ ಹಾಗಿರಲಿಲ್ಲ. ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಅಕ್ಷರಗಳನ್ನು ದುಂಡಗೆ ಬರೆದುಕೊಳ್ಳುತ್ತಿದ್ದರು. ಸಾಲಾಗಿ ಬರೆದರೆ ಕಣ್ಣು ಅದೇ ಕ್ರಮಕ್ಕೆ ಅಂಟಿಕೊಳ್ಳುತ್ತದಂತೆ. ಐ, ಎನ್, ಜಿ ಮೂರೂ ಬಂದರೆ ಬಾಲದಂತೆ ಪಕ್ಕಕ್ಕಿಟ್ಟು, ಉಳಿದವನ್ನು ಜೋಡಿಸುವುದು. 'ಆರ್ಕೆಸ್ಟ್ರಾ'ದ ಒಂಬತ್ತೂ ಇಂಗ್ಲಿಷ್ ಅಕ್ಷರ ಕಲಸಿದರೆ 'ಕಾರ್ಟ್‌ಹಾರ್ಸ್', ಅಂದರೆ ಗಾಡಿ ಎಳೆಯುವ ಕುದುರೆ, ಸಿಗುತ್ತದೆಂದು ತೋರಿಸಿದವರೂ ಅವರೇ. ಎಂಟಕ್ಷರದ ಪದಕ್ಕೆ 8 ಅಂಕ. ಒಂಬತ್ತೂ ಬಳಸಿದರೆ ದುಪ್ಪಟ್ಟು, 18.

ಈಗ ಅಕ್ಷರ ಒತ್ತಿದರೆ ಕಂಪ್ಯೂಟರು ಪದಗಳನ್ನು ಸುರಿಯುತ್ತದೆ. ಅದನ್ನು ಆಟ ಅನ್ನಲು ನಾನಂತೂ ಒಪ್ಪೆ. ಕಾರ್ಯಕ್ರಮ 2009ರಲ್ಲಿ ಮ್ಯಾಂಚೆಸ್ಟರ್ ಕಡೆ ಹೋಯಿತು, ನಿಂತಿಲ್ಲ.