ಆಟಿಕೆಯ ರೈಲು, ಅಳತೆಯ ಸತ್ಯ

ಶೂದ್ರಕನ ‘ಮೃಚ್ಛಕಟಿಕ’ ನಾಟಕದಲ್ಲಿ ಚಾರುದತ್ತನ ಮಗ ರೋಹಸೇನ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ನೆರೆಮನೆಯ ಹುಡುಗನ ಬಂಡಿ ಚಿನ್ನದ್ದು. ತನಗೂ ಅಂಥದೇ ಬೇಕು. ವಸಂತಸೇನೆ ತನ್ನ ಒಡವೆಗಳನ್ನು ಆ ಮಣ್ಣಿನ ಬಂಡಿಗೆ ತುಂಬಿ ಮಗುವನ್ನು ಸಂತೈಸುತ್ತಾಳೆ. ಆಟಿಕೆ ಯಾವುದರಿಂದ ಮಾಡಿದ್ದು, ಅದರ ಬೆಲೆ ಎಷ್ಟು ಎಂಬ ಚಿಂತೆ ಹೀಗೆ ಬಹಳ ಹಳೆಯದು. ಆದರೆ ಆ ಮಗು ಕೇಳದ ಇನ್ನೊಂದು ಪ್ರಶ್ನೆ ಉಂಟು: ಈ ಬಂಡಿ ನಿಜವಾದ ಬಂಡಿಯಂತೆಯೇ ಇದೆಯೇ? ಈ ಪ್ರಶ್ನೆಯನ್ನು ಹಿಡಿದು ನೂರಮೂವತ್ತು ವರ್ಷಗಳಿಂದ ಜರ್ಮನಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಒಂದು ಪುಟ್ಟ ಕೈಗಾರಿಕೆ ಬೆಳೆದುಬಂದಿದೆ. ಅದು ಆಟಿಕೆಯ ರೈಲಿನ ಕೈಗಾರಿಕೆ. ಅದರ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಂಸ್ಕೃತದ ‘ಪ್ರತಿಮಾ’ ಶಬ್ದವು ಅಳೆ ಎಂಬರ್ಥದ ‘ಮಾ’ ಧಾತುವಿನಿಂದ ಬಂದದ್ದು. ಮೂಲಕ್ಕೆ ಎದುರಾಗಿಟ್ಟು ಅಳೆದದ್ದೇ ಪ್ರತಿಮೆ. ಮೊದಮೊದಲಿನ ಆಟಿಕೆಯ ರೈಲುಗಳಲ್ಲಿ ಈ ಅಳತೆ ಇರಲಿಲ್ಲ. ತಗಡನ್ನು ಬಾಗಿಸಿ, ಬೆಸೆದು, ಬಣ್ಣ ಬಳಿದು, ಮೇಲೊಂದು ಹೊಗೆಕೊಳವೆ, ಕೆಳಗೆ ನಾಲ್ಕು ಗಾಲಿ ಇಟ್ಟರೆ ಮಗುವಿನ ಕಣ್ಣಿಗೆ ಅದು ಇಂಜಿನ್ನೇ. 1891ರಲ್ಲಿ ಜರ್ಮನಿಯ ಗೋಪಿಂಗೆನ್ ಊರಿನ ಮೆರ್ಕ್ಲಿನ್ ಸಂಸ್ಥೆಯು ಲೈಪ್‌ಜಿಗ್ ಮೇಳದಲ್ಲಿ ಕೀಲಿ ಕೊಟ್ಟರೆ ಓಡುವ ರೈಲನ್ನು ತೋರಿಸಿತು. ಅದರ ಹಳಿ ಎಂಟರ ಅಂಕಿಯಂತೆ ಸುತ್ತುತ್ತಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಹಳಿಗಳ ನಡುವಣ ಅಗಲಕ್ಕೆ, ಎಂದರೆ ಗೇಜಿಗೆ, ಆ ಸಂಸ್ಥೆ ಒಂದು ಕ್ರಮವನ್ನೂ ಸಂಖ್ಯೆಯನ್ನೂ ಗೊತ್ತುಮಾಡಿತು. ಈ ವರ್ಷ ಇಂಜಿನ್ ಕೊಂಡವರು ಮುಂದಿನ ವರ್ಷ ಎರಡು ಗಾಡಿಗಳನ್ನು ಕೊಂಡು ಸೇರಿಸಬಹುದಾಯಿತು. ಹಳಿಯೆಂಬುದು ಅಂಗಡಿಯವನು ಗಿರಾಕಿಗೆ ಕೊಟ್ಟ ಮಾತಿನಂತಾಯಿತು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ನಿಜಕ್ಕೆ ಹತ್ತಿರವಾಗಬೇಕೆಂಬ ಹಂಬಲಕ್ಕೆ ವ್ಯಾಪಾರದ ರೂಪ ಕೊಟ್ಟವರಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್ ಪಟ್ಟಣದ ಬ್ಯಾಸೆಟ್-ಲೋಕ್ ಮುಖ್ಯನಾದವನು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನು ಜರ್ಮನ್ ತಯಾರಕರ ನಯವಾದ ಕೆಲಸವನ್ನು ಕಂಡು ಬೆರಗಾದ. ಆದರೆ ಆ ಇಂಜಿನ್ನುಗಳಿಗೆ ಇಂಗ್ಲಿಷ್ ಇಂಜಿನ್ನಿನ ಮುಖವಿರಲಿಲ್ಲ. ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆಯೊಡನೆ ಅವನು ಒಪ್ಪಂದ ಮಾಡಿಕೊಂಡ, ಹೆನ್ರಿ ಗ್ರೀನ್ಲಿ ಎಂಬ ಎಂಜಿನಿಯರು ನಕ್ಷೆ ಬರೆದ, ಬಿಂಗ್ ತಯಾರಿಸಿತು. ಇಂಗ್ಲೆಂಡಿನ ಹುಡುಗನು ತನ್ನೂರಿನ ನಿಲ್ದಾಣದಲ್ಲಿ ಕಾಣುವ ಬಣ್ಣ, ಆಕಾರಗಳ ಇಂಜಿನ್ನನ್ನೇ ಮನೆಯಲ್ಲಿಯೂ ಕಾಣುವಂತಾದದ್ದು ಹೀಗೆ.

ಮೊದಲನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಜರ್ಮನ್ ಸರಕು ಅಪ್ರಿಯವಾಯಿತು. ಆಗ ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ರಂಗಕ್ಕೆ ಬಂದ. ತೂತು ಕೊರೆದ ಲೋಹದ ಪಟ್ಟಿಗಳನ್ನು ತಿರುಪು ಹಾಕಿ ಜೋಡಿಸುವ ಮೆಕ್ಯಾನೊ ಆಟಿಕೆಗೆ 1901ರಲ್ಲಿ ಹಕ್ಕುಪತ್ರ ಪಡೆದಿದ್ದವನು ಇವನೇ. 1920ರಲ್ಲಿ ಅವನ ರೈಲುಗಳು ಮಾರಾಟಕ್ಕೆ ಬಂದವು. ಅವುಗಳ ಗೇಜು 32 ಮಿಲಿಮೀಟರ್. ಗಟ್ಟಿಮುಟ್ಟಾದ ಸರಕು, ನೆಲದ ಮೇಲೆ ಬಿದ್ದರೂ ಮತ್ತೆ ಎದ್ದು ಓಡುವಂಥದು. ಆದರೆ ಅಷ್ಟು ದೊಡ್ಡ ರೈಲಿಗೆ ಇಡೀ ಕೋಣೆಯ ನೆಲ ಬೇಕು. ಸಣ್ಣ ಮನೆಗಳಲ್ಲಿ ವಾಸಿಸುವವರು ಊಟದ ಮೇಜಿನ ಮೇಲೆ ಓಡುವ ರೈಲನ್ನು ಬಯಸಿದರು. 1922ರಲ್ಲಿ ಬಿಂಗ್ ಸಂಸ್ಥೆ ಬ್ಯಾಸೆಟ್-ಲೋಕನಿಗಾಗಿ ಸುಮಾರು ಅರ್ಧ ಅಗಲದ, 16.5 ಮಿಲಿಮೀಟರ್ ಹಳಿಯ ರೈಲನ್ನು ಮಾಡಿಕೊಟ್ಟಿತು.

ಇಲ್ಲಿ ಒಂದು ತೊಡಕು ಹುಟ್ಟಿತು. ತ್ರೈರಾಶಿಯ ಲೆಕ್ಕ ಬಲ್ಲ ವಾಚಕರು ಕಾಗದ ಪೆನ್ಸಿಲು ಹಿಡಿದು ನೋಡಬಹುದು. ಇಂಗ್ಲೆಂಡಿನಲ್ಲಿ ನಿಜವಾದ ಹಳಿಗಳ ನಡುವಣ ಅಂತರ 4 ಅಡಿ 8½ ಅಂಗುಲ. ಒಂದು ಅಡಿಗೆ 3.5 ಮಿಲಿಮೀಟರಿನಂತೆ ಕುಗ್ಗಿಸಿದರೆ ಇದು 16.5 ಮಿಲಿಮೀಟರ್ ಆಗುತ್ತದೆ, ಲೆಕ್ಕ ಸರಿ. ಆದರೆ ಇಂಗ್ಲಿಷ್ ಇಂಜಿನ್ನುಗಳು ಯೂರೋಪಿನ ಇತರ ದೇಶಗಳ ಇಂಜಿನ್ನುಗಳಿಗಿಂತ ಗಾತ್ರದಲ್ಲಿ ಚಿಕ್ಕವು. ಅಲ್ಲಿನ ಹಳೆಯ ಸೇತುವೆ, ಸುರಂಗಗಳ ಇಕ್ಕಟ್ಟೇ ಇದಕ್ಕೆ ಕಾರಣ. ಅಂಥ ಇಂಜಿನ್ನನ್ನು 3.5ರ ಪ್ರಮಾಣದಲ್ಲಿ ಮಾಡಿದರೆ ಅಂದಿನ ಕೀಲಿಯಂತ್ರವಾಗಲಿ ವಿದ್ಯುತ್ ಮೋಟಾರಾಗಲಿ ಅದರ ಹೊಟ್ಟೆಯಲ್ಲಿ ಹಿಡಿಸುವುದು ಕಷ್ಟವಾಗಿತ್ತು. ಆದುದರಿಂದ ಹಳಿಯನ್ನು 16.5ರಲ್ಲಿಯೇ ಇಟ್ಟು, ಮೇಲಿನ ಇಂಜಿನ್ನನ್ನು ಮಾತ್ರ ಅಡಿಗೆ 4 ಮಿಲಿಮೀಟರಿನಂತೆ ಹಿಗ್ಗಿಸಿದರು. ಈ ಪ್ರಮಾಣಕ್ಕೆ ಹಳಿಯ ಅಂತರ 18.83 ಮಿಲಿಮೀಟರ್ ಇರಬೇಕು. ಇರುವುದು 16.5. ಅಂದರೆ ನಿಜದ ಲೆಕ್ಕದಲ್ಲಿ ಹಳಿಗಳು ಏಳು ಅಂಗುಲ ಹತ್ತಿರ ಸರಿದಂತೆ! ದೊಡ್ಡ ಮೈಯವನು ಕಿರಿದಾದ ಪಾದರಕ್ಷೆ ತೊಟ್ಟು ನಿಂತಂತೆ ಆಯಿತು ಆ ಇಂಜಿನ್ನಿನ ನಿಲುವು.

1938ರಲ್ಲಿ ಬಂದ ‘ಹಾರ್ನ್‌ಬಿ ಡಬ್ಲೊ’ ರೈಲುಗಳು ಈ ರಾಜಿಯನ್ನೇ ಒಪ್ಪಿಕೊಂಡು ಅದನ್ನು ಮನೆಮನೆಗೆ ಒಯ್ದವು. ತಗಡಿನ ಬದಲು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಎರೆದು ಮಾಡಿದ ಇಂಜಿನ್ನಿನ ಮೈಯಲ್ಲಿ ದುಂಡುಬಾಗುಗಳು ಚೆನ್ನಾಗಿ ಮೂಡಿದವು. ಆ ಕಾಲದ ಕೆಲವು ಎರಕಗಳಲ್ಲಿ ಸೀಸ ಮೊದಲಾದ ಕಲ್ಮಶ ಬೆರೆತು, ವರ್ಷಗಳು ಕಳೆದಂತೆ ಲೋಹವು ಉಬ್ಬಿ ಬಿರಿದು ಪುಡಿಯಾದದ್ದೂ ಉಂಟು. ಎರಡನೆಯ ಮಹಾಯುದ್ಧದ ಬಳಿಕ ಪ್ಲಾಸ್ಟಿಕ್ಕಿನ ಯುಗ ಬಂದಿತು. 1950ರಲ್ಲಿ ರೋವೆಕ್ಸ್ ಸಂಸ್ಥೆ ತಯಾರಿಸಿ, ಮುಂದೆ ಟ್ರೈ-ಆಂಗ್ ಎಂಬ ಹೆಸರಿನಿಂದ ಮಾರಾಟವಾದ ಅಗ್ಗದ ರೈಲುಗಳು ಲೋಹದ ರೈಲುಗಳನ್ನು ಹಿಂದೆ ಹಾಕಿದವು. 1964ರಲ್ಲಿ ಹಾರ್ನ್‌ಬಿಯ ಸಂಸ್ಥೆಯೇ ಟ್ರೈ-ಆಂಗಿನ ಒಡೆಯರ ಪಾಲಾಯಿತು. ಸಾಮಗ್ರಿ ಬದಲಾಯಿತು, ಒಡೆತನ ಬದಲಾಯಿತು, 16.5 ಮಾತ್ರ ಬದಲಾಗಲಿಲ್ಲ. ಲಕ್ಷಾಂತರ ಮನೆಗಳಲ್ಲಿ ಹಳಿ ಹಾಸಿ ಆಗಿತ್ತು. ಅಂಗಡಿ ಕೊಟ್ಟ ಮಾತನ್ನು ಹಿಂತೆಗೆಯುವುದು ಹೇಗೆ?

ಈ ಏಳಂಗುಲದ ಸುಳ್ಳನ್ನು ಸಹಿಸದವರೂ ಇದ್ದರು. ಕೆಲವರು ಹಳಿಯನ್ನು 18 ಮಿಲಿಮೀಟರಿಗೆ ಅಗಲಿಸಿದರು. 1960ರ ದಶಕದಲ್ಲಿ ಇನ್ನು ಕೆಲವರು 18.83 ಎಂಬ ಪೂರ್ಣ ಸತ್ಯವನ್ನೇ ಹಿಡಿದು, ಗಾಲಿಯ ಅಂಚಿನ ದಪ್ಪವನ್ನೂ ಮೂಲದಂತೆ ಕುಗ್ಗಿಸಿದರು. ಅವರಿಗೆ ಅಂಗಡಿಯ ಸರಕು ನೇರವಾಗಿ ಒದಗುತ್ತಿರಲಿಲ್ಲ. ಗಾಲಿಗಳನ್ನು ಬದಲಿಸಿ, ಹಳಿಯನ್ನು ತಾವೇ ಹಾಸಿ, ವರ್ಷಗಟ್ಟಲೆ ದುಡಿಯಬೇಕಾಯಿತು. ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ರಾಯ್ ಇಂಗ್ಲೆಂಡ್ ಎಂಬಾತ 1954ರಲ್ಲಿ ಆರಂಭಿಸಿದ ಪೆಂಡನ್ ಸಂಗ್ರಹಾಲಯವು ಇಂಥ ಶ್ರದ್ಧೆಗೆ ಸಾಕ್ಷಿ. ರೈಲಷ್ಟೇ ಅಲ್ಲ, ಕಣ್ಮರೆಯಾಗುತ್ತಿದ್ದ ಹಳ್ಳಿಯ ಮನೆಗಳನ್ನೂ ಅಳೆದು ತಂದು, ರಟ್ಟಿನಲ್ಲಿ ಕತ್ತರಿಸಿ, ಇಟ್ಟಿಗೆ ಇಟ್ಟಿಗೆಗೂ ಬಣ್ಣ ಕೊಟ್ಟು ಅಲ್ಲಿ ನಿಲ್ಲಿಸಿದ್ದಾರೆ. ಆಟಿಕೆ ಅಲ್ಲಿ ಇತಿಹಾಸದ ದಾಖಲೆಯಾಗಿದೆ.

ಇಂದಿನ ಸರಕಿನ ಗುಣಮಟ್ಟವನ್ನು ನೋಡಿದರೆ ಹಾರ್ನ್‌ಬಿಯೇ ಬೆರಗಾಗುತ್ತಿದ್ದ. 1989ರಲ್ಲಿ ಹಾಂಗ್‌ಕಾಂಗಿನ ಕೇಡರ್ ಸಂಸ್ಥೆ ತನ್ನ ಬಾಕ್‌ಮನ್ ಶಾಖೆಯನ್ನು ಇಂಗ್ಲೆಂಡಿನಲ್ಲಿ ತೆರೆಯಿತು. 1990ರ ದಶಕದ ಉತ್ತರಾರ್ಧದಲ್ಲಿ ಹಾರ್ನ್‌ಬಿಯೂ ತಯಾರಿಕೆಯನ್ನು ಚೀನಾಕ್ಕೆ ಒಯ್ದಿತು. ಪೈಪೋಟಿ ಬೆಳೆದಂತೆ ನಯಗಾರಿಕೆಯೂ ಬೆಳೆಯಿತು. ಮೊದಲು ಅಚ್ಚಿನಲ್ಲಿಯೇ ಉಬ್ಬಿಸಿ ತೋರಿಸುತ್ತಿದ್ದ ಕೈಪಿಡಿ, ಕೊಳವೆಗಳನ್ನು ಈಗ ಬೇರೆಯಾಗಿ ಮಾಡಿ ಕೂರಿಸುತ್ತಾರೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳು ಭೂತಗನ್ನಡಿಯಲ್ಲಿ ಓದಿಸಿಕೊಳ್ಳುತ್ತವೆ. ಸಂಗ್ರಹಾಲಯಗಳಲ್ಲಿ ಉಳಿದಿರುವ ಮೂಲ ಇಂಜಿನ್ನುಗಳನ್ನು ಲೇಸರ್ ಕಿರಣದಿಂದ ಅಳೆದು ನಕ್ಷೆ ತೆಗೆಯುವುದೂ ಉಂಟು. ಇಂಜಿನ್ನಿನೊಳಗೆ ಕುಳಿತ ಒಂದು ಸಣ್ಣ ವಿದ್ಯುತ್ ಫಲಕವು ಅಂಥದೇ ನಿಜವಾದ ಇಂಜಿನ್ನಿನಿಂದ ಮುದ್ರಿಸಿಕೊಂಡ ದನಿಯನ್ನು ಹೊರಡಿಸುತ್ತದೆ.

ಇಷ್ಟಾಗಿಯೂ ಆ ಇಂಜಿನ್ ನಿಂತಿರುವುದು ಅದೇ 16.5ರ ಹಳಿಯ ಮೇಲೆ! ಇಂದು ಮೋಟಾರು ಬೆರಳ ತುದಿಯಷ್ಟಾಗಿದೆ; ರಾಜಿಗೆ ಕಾರಣವಾದ ಅಡ್ಡಿ ಕಳೆದು ಎಷ್ಟೋ ಕಾಲವಾಯಿತು. ಕಾರಣ ಅಳಿಯಿತು, ಕಾರ್ಯ ಉಳಿಯಿತು. ಇದೊಂದೇ ಅಲ್ಲ. ಮನೆಯ ರೈಲಿನ ಸಾಮಾನ್ಯ ತಿರುವು 438 ಮಿಲಿಮೀಟರ್ ತ್ರಿಜ್ಯದ್ದು. ನಿಜಕ್ಕೆ ಹಿಗ್ಗಿಸಿದರೆ ಸುಮಾರು 33 ಮೀಟರ್. ಅಂಥ ತಿರುವಿನಲ್ಲಿ ಯಾವ ಡಾಕುಗಾಡಿಯೂ ಹೋಗಲಾರದು. ಹೋಗುವಂತೆ ಮಾಡಲು ಗಾಡಿಗಳ ನಡುವೆ ಅಂತರ ಬಿಡಬೇಕು, ಕೊಂಡಿಯನ್ನು ದೊಡ್ಡದು ಮಾಡಬೇಕು, ಗಾಲಿಯ ಅಂಚನ್ನು ದಪ್ಪವಾಗಿಡಬೇಕು. ಪ್ರತಿಯೊಂದು ಸತ್ಯಕ್ಕೂ ಓಟವು ಸುಂಕ ಕೇಳುತ್ತದೆ.

ಸೂಕ್ಷ್ಮತೆಗೂ ಬೆಲೆಯಿದೆ. ಬಿಡಿಭಾಗಗಳನ್ನು ಕೂರಿಸಲು ಕಾರ್ಖಾನೆಯ ನೂರಾರು ಕೈಗಳು ದುಡಿಯಬೇಕು. ಅವರ ಕೂಲಿ ಏರಿದಂತೆ ಬೆಲೆಯೂ ಏರುತ್ತದೆ. ನವುರಾದ ಕೈಪಿಡಿ ಮಗುವಿನ ಹಿಡಿತಕ್ಕೆ ಮುರಿಯುತ್ತದೆ. ಹೀಗೆ ಮಕ್ಕಳಿಗಾಗಿ ಹುಟ್ಟಿದ ವಸ್ತು ನಿಜವಾಗುತ್ತ ಆಗುತ್ತ ಹಿರಿಯರ ಗಾಜಿನ ಕಪಾಟನ್ನು ಸೇರಿತು. ರೋಹಸೇನನ ಕೈಗೆ ಸಿಕ್ಕಿದ್ದು ಮಣ್ಣಿನದಾದರೂ ಎಳೆದಾಡಬಹುದಾದ ಬಂಡಿ ಎಂಬುದನ್ನು ಮರೆಯಬಾರದು.

ಈ ಕಥೆಯಲ್ಲಿ ನಮಗೂ ಒಂದು ಪಾಠವಿದೆ. ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಇಂಜಿನ್ನುಗಳು ನಿಂತಿವೆ. ಅವನ್ನು ಕಂಡು ನಮ್ಮ ಹುಡುಗರು ಯಾರಾದರೂ ನಮ್ಮ ರೈಲುಗಳ ಪ್ರತಿಕೃತಿ ಮಾಡಹೊರಟರೆ ಅದೇ ಪ್ರಶ್ನೆ ಎದುರಾಗುತ್ತದೆ. ಅಡಿಗೆ 3.5 ಮಿಲಿಮೀಟರಿನ ಪ್ರಮಾಣದಲ್ಲಿ ನಮ್ಮ ಬ್ರಾಡ್ ಗೇಜ್ 19 ಮಿಲಿಮೀಟರಿಗಿಂತ ತುಸು ಹೆಚ್ಚು. ಮೀಟರ್ ಗೇಜ್ 11.5. ಅಂಗಡಿಯಲ್ಲಿ ಸುಲಭವಾಗಿ ಸಿಗುವ 16.5ರ ಹಳಿ ಎರಡಕ್ಕೂ ಒಗ್ಗದು. ರಾಜಿ ಮಾಡಿಕೊಳ್ಳುವುದು ತಪ್ಪಲ್ಲ. ಓಡುವ ರೈಲಿಗೆ ಅದು ಅನಿವಾರ್ಯವೂ ಆಗಬಹುದು. ಆದರೆ ಮೊದಲ ದಿನದ ಅನುಕೂಲವು ನೂರು ವರ್ಷದ ಕಟ್ಟಳೆಯಾಗಬಲ್ಲದು. ಹಳಿಯನ್ನು ಹಾಸುವುದಕ್ಕೆ ಮುಂಚೆ ಒಮ್ಮೆ ಅಳೆದು ನೋಡುವುದು ಲೇಸು.