ಎನ್‌ಎಫ್‌ಎಸ್ ಕ್ಲೈಂಟ್ ಬೆಂಬಲ

ಎನ್‌ಎಫ್‌ಎಸ್ ಕ್ಲೈಂಟ್ ಬೆಂಬಲವು ಲಿನಕ್ಸ್ ಕರ್ನೆಲ್‌ನ ಒಂದು ಭಾಗ. ಜಾಲದ ಮತ್ತೊಂದು ಗಣಕಯಂತ್ರದಲ್ಲಿರುವ ಕಡತಗಳನ್ನು ತನ್ನದೇ ಡಿಸ್ಕಿನಲ್ಲಿವೆಯೋ ಎಂಬಂತೆ ತೆರೆಯಲು, ಓದಲು ಮತ್ತು ಬರೆಯಲು ಇದು ಯಂತ್ರಕ್ಕೆ ಅನುವು ಮಾಡಿಕೊಡುತ್ತದೆ. ಎನ್‌ಎಫ್‌ಎಸ್ ಎಂಬುದು ನೆಟ್‌ವರ್ಕ್ ಫೈಲ್ ಸಿಸ್ಟಮ್ ಎಂಬ ಹೆಸರಿನ ಹ್ರಸ್ವರೂಪ. ಕಡತಗಳನ್ನು ಒದಗಿಸುವ ಯಂತ್ರವನ್ನು ಸರ್ವರ್ ಎಂದೂ ಅವುಗಳನ್ನು ಬಳಸುವ ಯಂತ್ರವನ್ನು ಕ್ಲೈಂಟ್ ಎಂದೂ ಕರೆಯುತ್ತಾರೆ. ಈ ಬೆಂಬಲವನ್ನು ಕರ್ನೆಲ್‌ನೊಳಗೆ ಸೇರಿಸಬೇಕೆ, ಪ್ರತ್ಯೇಕ ಮಾಡ್ಯೂಲ್ ಆಗಿ ಇಡಬೇಕೆ ಅಥವಾ ಕೈಬಿಡಬೇಕೆ ಎಂಬುದನ್ನು ಕರ್ನೆಲ್ ಕಂಪೈಲ್ ಮಾಡುವ ಮೊದಲೇ ನಿರ್ಧರಿಸಬೇಕಾಗುತ್ತದೆ. ಸ್ವಂತ ಡಿಸ್ಕ್ ಇಲ್ಲದ ಯಂತ್ರವೊಂದು ಚಾಲನೆಗೊಳ್ಳುವುದೂ ಚಾಲನೆಗೊಳ್ಳದಿರುವುದೂ ಈ ನಿರ್ಧಾರವನ್ನು ಅವಲಂಬಿಸಿದೆ.

ಹಿನ್ನೆಲೆ

ಎನ್‌ಎಫ್‌ಎಸ್ ಅನ್ನು ರೂಪಿಸಿದ್ದು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ. ಭಾರತ ಮೂಲದ ವಿನೋದ್ ಖೋಸ್ಲಾ ಸೇರಿದಂತೆ ನಾಲ್ವರು 1982ರಲ್ಲಿ ಸ್ಥಾಪಿಸಿದ ಈ ಕಂಪನಿಯು 1980ರ ದಶಕದ ಮಧ್ಯಭಾಗದಲ್ಲಿ ಎನ್‌ಎಫ್‌ಎಸ್ ಅನ್ನು ಬಳಕೆಗೆ ತಂದಿತು. ಡಿಸ್ಕುಗಳು ದುಬಾರಿಯಾಗಿದ್ದ ಆ ಕಾಲದಲ್ಲಿ ಒಂದೇ ಸರ್ವರ್‌ನ ಡಿಸ್ಕನ್ನು ಹಲವು ಯಂತ್ರಗಳು ಹಂಚಿಕೊಳ್ಳುವುದು ಮಿತವ್ಯಯದ ಮಾರ್ಗವಾಗಿತ್ತು. ಎರಡನೆಯ ಆವೃತ್ತಿಯ ವಿವರಣೆ 1989ರಲ್ಲಿ, ಮೂರನೆಯದು 1995ರಲ್ಲಿ ಮತ್ತು ನಾಲ್ಕನೆಯದು 2000ದಲ್ಲಿ ಪ್ರಕಟವಾದವು. ನಾಲ್ಕನೆಯ ಆವೃತ್ತಿಯ ಉಪಆವೃತ್ತಿಗಳಾದ 4.1 ಮತ್ತು 4.2 ಕ್ರಮವಾಗಿ 2010 ಹಾಗೂ 2016ರಲ್ಲಿ ಬಂದವು.

ಸಂರಚನೆಯ ವಿಧಾನ

ಕರ್ನೆಲ್‌ನ ಮೂಲ ಸಂಕೇತವಿರುವ ಕಡತಕೋಶದಲ್ಲಿ ‘ಮೇಕ್ ಮೆನುಕಾನ್ಫಿಗ್’ ಆದೇಶವನ್ನು ನೀಡಿದಾಗ ಆಯ್ಕೆಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ‘ಫೈಲ್ ಸಿಸ್ಟಮ್ಸ್’ ವಿಭಾಗದ ಒಳಗಿನ ‘ನೆಟ್‌ವರ್ಕ್ ಫೈಲ್ ಸಿಸ್ಟಮ್ಸ್’ ಉಪವಿಭಾಗದಲ್ಲಿ ‘ಎನ್‌ಎಫ್‌ಎಸ್ ಕ್ಲೈಂಟ್ ಸಪೋರ್ಟ್’ ಎಂಬ ಆಯ್ಕೆ ಇರುತ್ತದೆ. ಇದಕ್ಕೆ ಮೂರು ಬಗೆಯ ಉತ್ತರಗಳು ಸಾಧ್ಯ. ‘ವೈ’ ಎಂದರೆ ಬೆಂಬಲವು ಕರ್ನೆಲ್‌ನ ಅವಿಭಾಜ್ಯ ಅಂಗವಾಗುತ್ತದೆ. ‘ಎಂ’ ಎಂದರೆ ಅದು ಅಗತ್ಯಬಿದ್ದಾಗ ಮಾತ್ರ ಸ್ಮೃತಿಗೆ ಬರುವ ಮಾಡ್ಯೂಲ್ ಆಗುತ್ತದೆ. ‘ಎನ್’ ಎಂದರೆ ಅದು ಇರುವುದಿಲ್ಲ. ಈ ಆಯ್ಕೆ ಕಾಣಿಸಿಕೊಳ್ಳಬೇಕಾದರೆ ಟಿಸಿಪಿ/ಐಪಿ ಜಾಲದ ಬೆಂಬಲವು ಮೊದಲೇ ಸೇರಿರಬೇಕು. ದೂರದ ಯಂತ್ರದಲ್ಲಿ ಕೆಲಸ ಮಾಡಿಸುವ ಆರ್‌ಪಿಸಿ ಭಾಗವನ್ನೂ ಕಡತಗಳ ಬೀಗಮುದ್ರೆಯನ್ನು ನೋಡಿಕೊಳ್ಳುವ ಭಾಗವನ್ನೂ ಕರ್ನೆಲ್ ತಾನಾಗಿಯೇ ಸೇರಿಸಿಕೊಳ್ಳುತ್ತದೆ.

ಮುಖ್ಯ ಉಪ ಆಯ್ಕೆಗಳು

• ಆವೃತ್ತಿ 2: 2 ಗಿಗಾಬೈಟ್‌ಗಿಂತ ದೊಡ್ಡ ಕಡತಗಳನ್ನು ನಿಭಾಯಿಸಲಾರದು. ಹಳೆಯ ಸರ್ವರ್‌ಗಳಿಗಷ್ಟೇ ಬೇಕಾಗುತ್ತದೆ.
• ಆವೃತ್ತಿ 3: 64 ಬಿಟ್ ಗಾತ್ರದ ಕಡತಗಳನ್ನು ಬೆಂಬಲಿಸುತ್ತದೆ. ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಪೋರ್ಟ್ 111ರಲ್ಲಿ ಕೆಲಸ ಮಾಡುವ ಸಹಾಯಕ ಸೇವೆಯೂ ಇದಕ್ಕೆ ಬೇಕು.
• ಆವೃತ್ತಿ 4: ಬೀಗಮುದ್ರೆಯ ವ್ಯವಸ್ಥೆಯನ್ನು ತನ್ನೊಳಗೇ ಹೊಂದಿದೆ. 2049ನೆಯ ಪೋರ್ಟ್ ಒಂದೇ ಸಾಕಾಗುವುದರಿಂದ ಫೈರ್‌ವಾಲ್ ಇರುವ ಜಾಲಗಳಲ್ಲಿ ಅನುಕೂಲಕರ.
• ಎನ್‌ಎಫ್‌ಎಸ್ ಮೇಲೆ ಮೂಲ ಕಡತ ವ್ಯವಸ್ಥೆ: ಡಿಸ್ಕ್ ಇಲ್ಲದ ಯಂತ್ರಗಳಿಗಾಗಿ ಇರುವ ಆಯ್ಕೆ.

2020ರಲ್ಲಿ ಬಿಡುಗಡೆಯಾದ 5.6 ಕರ್ನೆಲ್‌ನಿಂದ ಮುಂದಕ್ಕೆ ಯುಡಿಪಿ ಮೂಲಕ ಎನ್‌ಎಫ್‌ಎಸ್ ಬಳಸುವ ಸೌಲಭ್ಯವನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಲಾಗಿದೆ. ಹಳೆಯ ಸಾಧನಗಳನ್ನು ಹೊಸ ಕರ್ನೆಲ್‌ನೊಡನೆ ಬಳಸುವವರು ಇದನ್ನು ಗಮನಿಸಬೇಕಾಗುತ್ತದೆ.

ಡಿಸ್ಕ್ ಇಲ್ಲದ ಯಂತ್ರಗಳು

ಡಿಸ್ಕ್ ಇಲ್ಲದ ಯಂತ್ರವು ತನ್ನ ಮೂಲ ಕಡತ ವ್ಯವಸ್ಥೆಯನ್ನು ಸರ್ವರ್‌ನಿಂದ ಪಡೆಯುತ್ತದೆ. ಮಾಡ್ಯೂಲ್‌ಗಳು ಇರುವುದು ಆ ಮೂಲ ಕಡತ ವ್ಯವಸ್ಥೆಯಲ್ಲಿ. ಎನ್‌ಎಫ್‌ಎಸ್ ಬೆಂಬಲವೂ ಮಾಡ್ಯೂಲ್ ಆಗಿದ್ದರೆ ಅದನ್ನು ತರಲು ಎನ್‌ಎಫ್‌ಎಸ್ ಬೇಕು, ಎನ್‌ಎಫ್‌ಎಸ್ ಬೇಕೆಂದರೆ ಆ ಮಾಡ್ಯೂಲ್ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯ ಒಳಗಿಟ್ಟು ಬೀಗ ಹಾಕಿದಂತಾಗುತ್ತದೆ. ಆದ್ದರಿಂದ ಇಂತಹ ಯಂತ್ರಗಳಿಗೆ ಎನ್‌ಎಫ್‌ಎಸ್ ಬೆಂಬಲ, ಜಾಲಪತ್ರದ ಅಂದರೆ ನೆಟ್‌ವರ್ಕ್ ಕಾರ್ಡಿನ ಚಾಲಕ ತಂತ್ರಾಂಶ ಮತ್ತು ಐಪಿ ವಿಳಾಸವನ್ನು ಆರಂಭದಲ್ಲೇ ಪಡೆಯುವ ಸೌಲಭ್ಯ, ಈ ಮೂರಕ್ಕೂ ‘ವೈ’ ಎಂದೇ ಉತ್ತರಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕರ್ನೆಲ್ ಮೂಲ ಕಡತ ವ್ಯವಸ್ಥೆ ಸಿಗಲಿಲ್ಲವೆಂಬ ಸಂದೇಶ ತೋರಿಸಿ ನಿಂತುಬಿಡುತ್ತದೆ. ಚಾಲನೆಯ ಆರಂಭದಲ್ಲಿ ಸ್ಮೃತಿಗೆ ಬರುವ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಚಿಕ್ಕ ಕಡತ ವ್ಯವಸ್ಥೆಯಲ್ಲಿ ಬೇಕಾದ ಮಾಡ್ಯೂಲ್‌ಗಳನ್ನು ಇರಿಸುವುದು ಮತ್ತೊಂದು ಮಾರ್ಗ. ಆಗ ‘ಎಂ’ ಎಂಬ ಉತ್ತರವೂ ಸಲ್ಲುತ್ತದೆ.

ಶಾಲಾ ಪ್ರಯೋಗಾಲಯಗಳಲ್ಲಿ

2001ರಲ್ಲಿ ಆರಂಭವಾದ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಇದು ಸಿದ್ಧಪಡಿಸುವ, ಉಬುಂಟು ಆಧಾರಿತ ಗ್ನೂ/ಲಿನಕ್ಸ್ ಆವೃತ್ತಿಯು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಿಗೂ ತಲುಪಿದೆ. ಉಬುಂಟುವಿನ ಸಿದ್ಧ ಕರ್ನೆಲ್‌ನಲ್ಲಿ ಎನ್‌ಎಫ್‌ಎಸ್ ಕ್ಲೈಂಟ್ ಮಾಡ್ಯೂಲ್ ರೂಪದಲ್ಲಿ ಇರುತ್ತದೆ. ಹೀಗಾಗಿ ಇಂತಹ ಪ್ರಯೋಗಾಲಯದಲ್ಲಿ ಎನ್‌ಎಫ್‌ಎಸ್ ಬಳಸಬಯಸುವ ಶಿಕ್ಷಕರು ಕರ್ನೆಲ್ ಅನ್ನು ಮರಳಿ ಕಂಪೈಲ್ ಮಾಡಬೇಕಾಗಿಲ್ಲ. ‘ಎನ್‌ಎಫ್‌ಎಸ್ ಕಾಮನ್’ ಎಂಬ ಸಹಾಯಕ ತಂತ್ರಾಂಶವನ್ನು ಸ್ಥಾಪಿಸಿದರೆ ಸಾಕು. ವಿದ್ಯಾರ್ಥಿಗಳ ಕಡತಕೋಶಗಳನ್ನು ಸರ್ವರ್‌ನಲ್ಲಿ ಇರಿಸಿದರೆ ಯಾವ ಯಂತ್ರದ ಮುಂದೆ ಕುಳಿತರೂ ಅವರವರ ಕೆಲಸ ಅವರಿಗೆ ದೊರೆಯುತ್ತದೆ.

ದೋಷ ಪತ್ತೆ

‘ಈ ಬಗೆಯ ಕಡತ ವ್ಯವಸ್ಥೆ ತಿಳಿದಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ ಕೊರತೆ ಕರ್ನೆಲ್‌ನದು. ಸಹಾಯಕ ತಂತ್ರಾಂಶ ಬೇಕಾಗಬಹುದು ಎಂಬ ಅರ್ಥದ ಸಂದೇಶ ಬಂದರೆ ಕೊರತೆ ಸಾಮಾನ್ಯವಾಗಿ ಕರ್ನೆಲ್‌ನ ಹೊರಗಿನದು. ಪ್ರಾಕ್ ಕಡತಕೋಶದ ‘ಫೈಲ್‌ಸಿಸ್ಟಮ್ಸ್’ ಕಡತದಲ್ಲಿ ಎನ್‌ಎಫ್‌ಎಸ್ ಹೆಸರಿದ್ದರೆ ಬೆಂಬಲವು ಸಿದ್ಧವಾಗಿದೆ ಎಂದರ್ಥ. ಹೆಸರಿಲ್ಲದಿದ್ದರೆ ‘ಮಾಡ್‌ಪ್ರೋಬ್’ ಆದೇಶದಿಂದ ಮಾಡ್ಯೂಲನ್ನು ಸ್ಮೃತಿಗೆ ತಂದು ಮತ್ತೆ ಪರೀಕ್ಷಿಸಬಹುದು.

ಎಚ್ಚರಿಕೆಗಳು

ಸರ್ವರ್ ಇದ್ದಕ್ಕಿದ್ದಂತೆ ನಿಂತರೆ ‘ಹಾರ್ಡ್’ ವಿಧಾನದ ಜೋಡಣೆಯು ಅದು ಮರಳುವವರೆಗೂ ಕಾಯುತ್ತದೆ. ಆ ಕಡತಗಳನ್ನು ಬಳಸುತ್ತಿರುವ ತಂತ್ರಾಂಶಗಳೂ ಸ್ತಬ್ಧವಾಗುತ್ತವೆ. ‘ಸಾಫ್ಟ್’ ವಿಧಾನವು ಸ್ವಲ್ಪ ಹೊತ್ತು ಕಾದು ದೋಷ ತಿಳಿಸಿ ಕೈಬಿಡುತ್ತದೆ. ಆಗ ಬರೆಯುತ್ತಿದ್ದ ಮಾಹಿತಿ ನಷ್ಟವಾಗಬಹುದು ಅಥವಾ ಕೆಡಬಹುದು. ವಿದ್ಯುತ್ ಆಗಾಗ ಕಡಿತವಾಗುವ ಊರುಗಳಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ. ಪೂರ್ವನಿಯೋಜಿತ ವಿಧಾನ ‘ಹಾರ್ಡ್’. ಬರೆಯುವ ಕೆಲಸವಿರುವ ಕಡೆ ಅದನ್ನು ಬದಲಿಸದಿರುವುದು ಕ್ಷೇಮ.

ಸಾಮಾನ್ಯ ದೃಢೀಕರಣ ವಿಧಾನದಲ್ಲಿ ಸರ್ವರ್, ಕ್ಲೈಂಟ್ ಹೇಳಿದ ಬಳಕೆದಾರ ಸಂಖ್ಯೆಯನ್ನು ನಂಬುತ್ತದೆ. ಎರಡು ಯಂತ್ರಗಳಲ್ಲಿ ಒಂದೇ ಸಂಖ್ಯೆಯು ಬೇರೆ ಬೇರೆ ವ್ಯಕ್ತಿಗಳಿಗೆ ಸೇರಿದ್ದರೆ ಒಬ್ಬರ ಕಡತ ಮತ್ತೊಬ್ಬರ ಕೈಸೇರುತ್ತದೆ. ಈ ನಂಬಿಕೆ ಸಲ್ಲದ ಜಾಲಗಳಲ್ಲಿ ಕೆರ್ಬರೋಸ್ ದೃಢೀಕರಣವನ್ನು ಬಳಸುತ್ತಾರೆ. ಅದರ ಬೆಂಬಲವನ್ನೂ ಕರ್ನೆಲ್ ಸಂರಚನೆಯಲ್ಲಿ ಆರಿಸಿಕೊಂಡಿರಬೇಕು.