ಬರಿದಾಗಿದ್ದ ಧ್ವಜಸ್ತಂಭ

೧೯೯೭ರ ಆಗಸ್ಟ್ ೩೧ರಂದು, ಪ್ಯಾರಿಸ್ ನಗರದ ಸುರಂಗಮಾರ್ಗದಲ್ಲಿ ನಡೆದ ಕಾರು ಅಪಘಾತದಿಂದ ಡಯಾನಾ ತೀರಿಕೊಂಡಾಗ ಆಕೆ ಬ್ರಿಟಿಷ್ ಅರಮನೆಯ ಸೊಸೆಯಾಗಿ ಉಳಿದಿರಲಿಲ್ಲ. ಹಿಂದಿನ ವರ್ಷವೇ ವಿವಾಹವಿಚ್ಛೇದನವಾಗಿತ್ತು. ಅರಮನೆಯ ಲೆಕ್ಕಕ್ಕೆ ಹೊರಗಿನವಳು, ಜನರ ಲೆಕ್ಕಕ್ಕೆ ಮನೆಮಗಳು. ಈ ಎರಡು ಲೆಕ್ಕಗಳೂ ತಾಳೆಬೀಳದೆ ಹೋದ ಒಂದು ವಾರವೇ ೨೦೦೬ರಲ್ಲಿ ತೆರೆಕಂಡ ‘ದಿ ಕ್ವೀನ್’ ಚಿತ್ರದ ವಸ್ತು.

ಆ ವಾರದ ಕೋಪವೆಲ್ಲ ಒಂದು ಧ್ವಜಸ್ತಂಭಕ್ಕೆ ಸುತ್ತಿಕೊಂಡಿತೆಂಬುದು ವಿಚಿತ್ರವಾದರೂ ನಿಜ. ಬಕಿಂಗ್‌ಹ್ಯಾಮ್ ಅರಮನೆಯ ಮೇಲೆ ಆಗ ರಾಜಪತಾಕೆ ಹಾರುತ್ತಿದ್ದುದು ಅರಸರು ಅಲ್ಲಿ ವಾಸವಾಗಿದ್ದಾಗ ಮಾತ್ರ. ರಾಣಿ ಎಲಿಜಬೆತ್ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿದ್ದುದರಿಂದ ಕಂಬ ಬರಿದಾಗಿತ್ತು. ಅವರು ಲಂಡನ್ನಿನಲ್ಲೇ ಇದ್ದರೂ ಆ ಪತಾಕೆಯನ್ನು ಅರ್ಧಕ್ಕೆ ಇಳಿಸುವಂತಿರಲಿಲ್ಲ. ಒಬ್ಬ ಅರಸ ಸತ್ತ ಕ್ಷಣವೇ ಮತ್ತೊಬ್ಬನು ಅರಸನಾಗುವುದರಿಂದ ಸಿಂಹಾಸನಕ್ಕೆ ಸಾವಿಲ್ಲ, ಅದರ ಪತಾಕೆಗೆ ಶೋಕವಿಲ್ಲ ಎಂಬುದು ನಿಯಮದ ತರ್ಕ. ತರ್ಕದಲ್ಲೇನೋ ಲೋಪವಿಲ್ಲ. ಆದರೆ ಹೂಗಳನ್ನು ಹಿಡಿದು ಗೇಟಿನ ಮುಂದೆ ನಿಂತವರಿಗೆ ಕಂಡದ್ದು ಬರಿಯ ಕಂಬ! ಊರೆಲ್ಲ ಅಳುತ್ತಿರುವಾಗ ಈ ಮನೆಗೆ ಮಾತ್ರ ಸೂತಕವಿಲ್ಲವೇ ಎಂಬ ಧಾಟಿಯಲ್ಲಿ ಪತ್ರಿಕೆಗಳು ಹರಿಹಾಯ್ದವು.

ಅತ್ತ ಬಾಲ್ಮೋರಲ್‌ನಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗರಿಬ್ಬರು, ಹದಿನೈದರ ವಿಲಿಯಂ, ಹನ್ನೆರಡರ ಹ್ಯಾರಿ. ಅವರನ್ನು ಕ್ಯಾಮೆರಾಗಳ ಕಣ್ಣಿನಿಂದ ದೂರವಿರಿಸಬಯಸಿದ ಅಜ್ಜಿಯನ್ನು ಕಲ್ಲೆದೆಯವರೆನ್ನುವುದು ನನಗಂತೂ ನ್ಯಾಯವಾಗಿ ತೋರುವುದಿಲ್ಲ. ಆದರೂ ಅವರು ಬರಿಯ ಅಜ್ಜಿಯಲ್ಲವಲ್ಲ! ಈ ಇಕ್ಕಟ್ಟನ್ನೇ ಹೆಲೆನ್ ಮಿರೆನ್ ಹೆಚ್ಚು ಮಾತಿಲ್ಲದೆ ಅಭಿನಯಿಸಿ ಆಸ್ಕರ್ ಪಡೆದರು. ಬೆಟ್ಟದಲ್ಲಿ ರಾಣಿಗೆದುರಾಗುವ ಕವಲುಗೊಂಬಿನ ಜಿಂಕೆ ಚಿತ್ರಕಥೆ ಬರೆದ ಪೀಟರ್ ಮಾರ್ಗನ್ನರ ಕಲ್ಪನೆ. ಪ್ರಧಾನಿ ಟೋನಿ ಬ್ಲೇರರೊಡನೆ ನಡೆಯುವ ಮಾತುಗಳನ್ನೂ ಇತಿಹಾಸದ ಸಾಕ್ಷ್ಯವೆಂದು ಹಿಡಿಯಬಾರದು.

ಸೆಪ್ಟೆಂಬರ್ ೫ರಂದು ರಾಣಿ ಲಂಡನ್ನಿಗೆ ಹಿಂದಿರುಗಿ, ಟೆಲಿವಿಷನ್ನಿನಲ್ಲಿ ಮಾತನಾಡಿದರು. ಮರುದಿನ ಶವಯಾತ್ರೆ ಅರಮನೆಯ ಮುಂದೆ ಸಾಗಿದಾಗ ತಲೆಬಾಗಿದರು. ಅವರು ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಹೊರಟ ಮೇಲೆ ಅದೇ ಕಂಬದಲ್ಲಿ ರಾಷ್ಟ್ರಧ್ವಜ ಅರ್ಧಕ್ಕೆ ಹಾರಿತು. ಅಂದಿನಿಂದ ಅರಸರಿಲ್ಲದ ದಿನಗಳಲ್ಲಿಯೂ ಅಲ್ಲಿ ರಾಷ್ಟ್ರಧ್ವಜ ಹಾರುತ್ತಿದೆ.

೨೦೨೨ರ ಸೆಪ್ಟೆಂಬರ್ ೮ರಂದು ರಾಣಿ ಅದೇ ಬಾಲ್ಮೋರಲ್‌ನಲ್ಲಿ ಕಣ್ಮುಚ್ಚಿದಾಗ ಆ ಧ್ವಜ ಅರ್ಧಕ್ಕಿಳಿಯಿತು. ಮರುದಿನ ಹೊಸ ಅರಸ ಚಾರ್ಲ್ಸ್ ಅರಮನೆಗೆ ಬಂದೊಡನೆ ರಾಜಪತಾಕೆ ಕಂಬದ ತುದಿಗೇರಿತು.